ಮೇಷ್ಟ್ರ ಮನೆಯ ಬೂದು ಗಿಳಿ

೧೨ ಜನವರಿ ೧೯೯೫

ಅಣ್ಣಾ,

ಹೇಗಿದ್ದೀಯ? ಬೆರಳಿನ ಗಾಯ ವಾಸಿ ಆಯ್ತಾ? ಕಾಗದ ಕತ್ತರಿಸೋ ಮೆಷಿನ್ನಿಗೆ ಕೈ ಕೊಡೋ ವಯಸ್ಸಾ ನಿಂದು? ಐವತ್ತು ದಾಟಿತು. ಬೈಂಡಿಂಗ್ ಅಂಗಡಿಗೆ ಒಬ್ಬ ಆಳನ್ನ ಇಟ್ಕೋ ಅಂತ ಎಷ್ಟು ಬಡ್ಕೊಂಡ್ರೂ ನಿನ್ನ ಕಿವಿಗೆ ಹೋಗಲ್ಲ.

ಇಲ್ಲಿ ನನ್ನ ಲವ್ ಬರ್ಡ್ಸ್‌ನಲ್ಲಿ ಇನ್ನೊಂದು ಹೋಯ್ತು. ನೀಲಿದು. ಬೆಳಿಗ್ಗೆ ಎದ್ದು ನೋಡಿದ್ರೆ ಪಂಜರದ ತಳದಲ್ಲಿ ಕಾಲು ಮೇಲೆ ಮಾಡ್ಕೊಂಡು ಬಿದ್ದಿತ್ತು. ಆರಿದ್ದವು, ಈಗ ಮೂರು. ಬಟ್ಟೆ ಹೊಲಿಸೋಕೆ ಬಂದಿದ್ದ ಹೆಂಗಸು ನೋಡಿ "ಅಯ್ಯೋ ಪಾಪ" ಅಂದ್ಲು, ಅದೇ ಉಸಿರಲ್ಲಿ "ತೋಳು ಅರ್ಧ ಇಂಚು ಬಿಗಿ ಮಾಡಿ" ಅಂದ್ಲು. ನಾನೂ ಕಣ್ಣೊರೆಸಿಕೊಂಡು ಬಿಗಿ ಮಾಡಿದೆ.

ಸಣ್ಣ ಹಕ್ಕಿ ಸಾಕಿ ಸಾಕಿ ಸಾಕಾಯ್ತು ಅಣ್ಣಾ. ಐದು ವರ್ಷ, ಆರು ವರ್ಷ, ಮುಗೀತು. ಇದ್ದಷ್ಟು ದಿನವೂ ಚಿಲಿಪಿಲಿ ಎಲ್ಲ ಅವುಗಳಲ್ಲೇ, ನನ್ನ ಜೊತೆ ಒಂದು ಮಾತಿಲ್ಲ. ನಾನು ಪಂಜರಕ್ಕೆ ಕೈ ಹಾಕಿದ್ರೆ ಮೂಲೆಗೆ ಹಾರಿ ಒಂದರ ಮೇಲೊಂದು ಬೀಳ್ತಾವೆ, ಏಳು ವರ್ಷದಿಂದ ಕಾಳು ಹಾಕಿದ ಕೈ ಅದು! ಈ ಸಲ ದೊಡ್ಡ ಗಿಳಿ ತರ್ತೀನಿ. ಒಂದೇ ಒಂದು. ನನ್ನ ಮುಖ ನೋಡಿ ಒಂದು ಮಾತಾಡೋ ಅಂಥದ್ದು.

ಇನ್ನೊಂದು ವಿಷಯ. ಕೇಳಬೇಡ ಅಂದಿದ್ದೀಯ, ಆದ್ರೂ ಕೇಳ್ತೀನಿ. ಅಮ್ಮ ಹೋಗಿ ಏಳು ತಿಂಗಳಾಯ್ತು. ಏಳು ವರ್ಷ ತಿಂಗಳಿಗೊಂದರ ಹಾಗೆ ಅವಳಿಗೆ ಕಾಗದ ಹಾಕಿದೆ. ಅವಳಿಗೆ ಅಳತೆ ಟೇಪಿನ ಮೇಲಿನ ಅಂಕಿ ಬಿಟ್ರೆ ಅಕ್ಷರ ಬರಲ್ಲ, ನೀನೇ ಓದಿ ಹೇಳ್ಬೇಕು ಅಂತ ನಿನ್ನ ಅಂಗಡಿ ವಿಳಾಸಕ್ಕೇ ಹಾಕ್ತಿದ್ದೆ. ನೀನು ಓದಿ ಹೇಳಿದ್ದೀಯ, ಅವಳು ಗೋಡೆ ಕಡೆ ತಿರುಗಿಕೊಂಡಿದ್ದಾಳೆ. ಗಂಡನ ಮನೆ ಬಿಟ್ಟು ಬಂದ ದಿನ ಬಾಗಿಲಲ್ಲೇ ನಿಲ್ಲಿಸಿ "ಮುಖ ತೋರಿಸಬೇಡ" ಅಂದ್ಲಲ್ಲ, ಅದನ್ನ ಕೊನೇವರೆಗೂ ಬಿಡಲಿಲ್ಲ. ಹೋಗುವಾಗ ಹೇಳಿದ್ದು ಎರಡೇ ಮಾತು ಅಂತ ಬರೆದಿದ್ದೆ ನೀನು. "ಗುಬ್ಬಿ ಸಾಕು."

ಅಷ್ಟೇನಾ? ಹಿಂದೆ ಮುಂದೆ ಏನೂ ಇರಲಿಲ್ವಾ? ನಂಗೆ ಗುಬ್ಬಿ ಅಂತ ಹೆಸರಿಟ್ಟವಳೇ ಅವಳು. ಕೋಪದಲ್ಲಿ ಹೇಳಿದ್ಲಾ, ಸುಸ್ತಾಗಿ ಹೇಳಿದ್ಲಾ, ಅದೊಂದು ಬರಿ. ಅದು ಗೊತ್ತಾಗದೆ ನಂಗೆ ಸಮಾಧಾನ ಇಲ್ಲ.

ನಿನ್ನ
ಗುಬ್ಬಿ


೨೪ ಜನವರಿ ೧೯೯೫

ಗುಬ್ಬಿ,

ಬೆರಳು ವಾಸಿಯಾಗಿದೆ. ಆಳು ಬೇಡ.

ದೊಡ್ಡ ಗಿಳಿ ವಿಚಾರ ತಲೆಯಿಂದ ತೆಗೆದುಹಾಕು. ಅದು ಲವ್ ಬರ್ಡ್ಸ್ ಸಾಕಿದ ಹಾಗಲ್ಲ. ಒಂದು ಹಿಡಿ ನವಣೆ ಹಾಕಿ ನೀರು ಬದಲಿಸಿ ನಿನ್ನ ಪಾಡಿಗೆ ಹೊಲಿಯುತ್ತಾ ಕೂರೋ ಹಾಗಿಲ್ಲ. ಎರಡೂ ರೆಕ್ಕೆ ಪೂರ್ತಿ ಬಿಚ್ಚೋಷ್ಟು ಅಗಲದ ಪಂಜರ ಬೇಕು. ಸರಳು ದಪ್ಪ ಇರಬೇಕು, ತೆಳು ಸರಳನ್ನ ಕೊಕ್ಕಲ್ಲೇ ಬಗ್ಗಿಸುತ್ತೆ. ದಿನಕ್ಕೆ ಎರಡು ಮೂರು ಗಂಟೆ ಹೊರಗೆ ಬಿಡಬೇಕು. ಕಡಿಯೋಕೆ ಮರದ ತುಂಡು ಕೊಡ್ತಾ ಇರಬೇಕು, ಮರೆತರೆ ಕಿಟಕಿ ಚೌಕಟ್ಟಿಗೆ ಬಾಯಿ ಹಾಕುತ್ತೆ. ಬರೀ ಸೂರ್ಯಕಾಂತಿ ಬೀಜ ತಿನ್ನಿಸಿದ್ರೆ ಆರೋಗ್ಯ ಕೆಡುತ್ತೆ, ಸೊಪ್ಪು, ಕ್ಯಾರೆಟ್, ಬೇಯಿಸಿದ ಕಾಳು ಎಲ್ಲ ಹೆಚ್ಚಿ ಕೊಡಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬೀದಿಗೆಲ್ಲ ಕೇಳೋ ಹಾಗೆ ಕಿರುಚುತ್ತೆ. ಕಚ್ಚಿದ್ರೆ ಲವ್ ಬರ್ಡ್ಸ್ ಕುಕ್ಕಿದ ಹಾಗಿರಲ್ಲ, ಬೆರಳಿಗೆ ಹೊಲಿಗೆ ಬೀಳುತ್ತೆ.

ಎಲ್ಲಕ್ಕಿಂತ ಹೆಚ್ಚಾಗಿ, ಅದು ನಲವತ್ತು ಐವತ್ತು ವರ್ಷ ಬದುಕುತ್ತೆ. ನಿನಗೀಗ ನಲವತ್ತೆರಡು. ನಿನ್ನ ನಂತರ ಅದನ್ನ ಯಾರು ನೋಡ್ತಾರೆ? ಮತ್ತೆ, ಅದು ಮನೆಯಲ್ಲಿ ಒಬ್ಬರನ್ನ ಮಾತ್ರ ಹಚ್ಚಿಕೊಳ್ಳುತ್ತೆ. ಉಳಿದವರು ಪಂಜರ ತೊಳೆಯಲಿ, ನೀರಿಡಲಿ, ಹಣ್ಣು ಹೆಚ್ಚಿ ಬಾಯಿಗೇ ಕೊಡಲಿ, ಅವರನ್ನ ಲೆಕ್ಕಕ್ಕೇ ತಗೊಳ್ಳಲ್ಲ.

ಅಮ್ಮನ ವಿಷಯ. ಸುಸ್ತಾಗಿದ್ಲು. ದನಿಯಲ್ಲಿ ಕೋಪ ಇತ್ತಾ ಏನಿತ್ತು ಅಂತ ನಾನು ಹುಡುಕೋಕೆ ಹೋಗಲಿಲ್ಲ. ಮುಗಿದದ್ದನ್ನ ಕೆದಕಬೇಡ.

ಅಣ್ಣ


೫ ಫೆಬ್ರವರಿ ೧೯೯೫

ಅಣ್ಣಾ,

ಎರಡು ಸಾಲು ಬರೆಯೋಕೆ ಎರಡು ತಿಂಗಳು ತಗೊಳ್ಳೋ ಮಹಾರಾಯ ನೀನು, ಗಿಳಿ ಬೇಡ ಅನ್ನೋಕೆ ಎರಡು ಪುಟ ಬರೆದಿದ್ದೀಯ! ಎಲ್ಲಿ ಕಲಿತೆ ಇಷ್ಟೆಲ್ಲ? ಗಿಳಿ ಪುಸ್ತಕ ಏನಾದ್ರೂ ಬೈಂಡಿಂಗಿಗೆ ಬಂದಿತ್ತಾ?

ಭಾನುವಾರ ಹಕ್ಕಿ ಅಂಗಡಿಗೆ ಹೋಗಿದ್ದೆ. ನೀನು ಬೇಡ ಅಂದ್ಮೇಲೆ ಹೋಗದೆ ಇರ್ತೀನಾ? ಮೊದಲು ಒಂದು ಹಸಿರು ಗಿಳಿ ತೋರಿಸಿದ, ಭುಜದ ಮೇಲೆ ಕೆಂಪು ಪಟ್ಟಿ ಇರೋದು. ಅದು ನನ್ನನ್ನ ಮೇಲಿಂದ ಕೆಳಗೆ ನೋಡಿ, ಬೆನ್ನು ತಿರುಗಿಸಿ ಕೂತುಬಿಡ್ತು. ಆಮೇಲೆ ಜುಟ್ಟಿನ ಬಿಳಿ ಗಿಳಿ. ಅದಂತೂ ಬಾ ಅನ್ನೋದೇ ತಡ ತೋಳು ಹತ್ತಿ ರವಿಕೆಯ ಎರಡು ಗುಂಡಿ ಕಿತ್ತು ಹಾಕ್ತು. ಊರಿಗೆಲ್ಲ ಗುಂಡಿ ಹಚ್ಚೋಳ ಗುಂಡಿ! "ಅಮ್ಮಾವ್ರೇ, ಗಿಳೀನ ನೀವು ಆರಿಸೋಕೆ ಹೋಗಬೇಡಿ, ಅದು ನಿಮ್ಮನ್ನ ಆರಿಸಲಿ" ಅಂದ ಅಂಗಡಿಯವನು. ಮಾರಾಟದ ಮಾತು ಅಂದ್ಕೊಂಡೆ, ನೀನು ಬರೆದದ್ದೂ ಹೆಚ್ಚುಕಡಿಮೆ ಅದೇ.

ಕೊನೇಗೆ ಒಂದು ಬೂದು ಗಿಳಿ ಇತ್ತು. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕೆಂಪು. ಅದು ಅಂಗಡಿಯವನ ಕೆಮ್ಮನ್ನ ಅವನಿಗಿಂತ ಚೆನ್ನಾಗಿ ಕೆಮ್ತು. ಬೇರೆ ಗಿಳಿ ಮಾತು ಕಲೀತಾವೆ, ಬೂದು ಗಿಳಿ ಮಾತಾಡಿದವರ ದನೀನೇ ಎತ್ತಿಕೊಂಡು ಬಿಡುತ್ತೆ, ಒಂದು ಸಲ ಎತ್ತಿಕೊಂಡ್ರೆ ಮರೆಯಲ್ಲ ಅಂದ. ಇದೇ ಬೇಕು ಅಂದೆ. ಆಗಲೇ ಯಾರಿಗೋ ಮಾತು ಕೊಟ್ಟಾಗಿದೆಯಂತೆ. ಹೊಟ್ಟೆ ಉರಿದು ಬಂತು.

ಕಿರುಚುತ್ತೆ ಅಂತ ಹೆದರಿಸಬೇಡ. ಕೆಳಗಿನ ಮನೆ ಹಲ್ಲಿನ ಡಾಕ್ಟರಮ್ಮನನ್ನ ಕೇಳಿದೆ. "ನನ್ನ ರೋಗಿಗಳು ಕಿರುಚೋದ್ರಲ್ಲಿ ನಿಮ್ಮ ಗಿಳಿ ಯಾರಿಗ್ರೀ ಕೇಳುತ್ತೆ" ಅಂದ್ರು.

ನನ್ನ ನಂತರ ಅದಕ್ಕೆ ಯಾರು ಅಂತ ಕೇಳಿದ್ದೀಯ. ಈಗ ನಂಗೆ ಯಾರಿದ್ದಾರೆ ಅಂತ ಒಂದು ಸಲ ಕೇಳಣ್ಣ.

ಗುಬ್ಬಿ


೨೦ ಫೆಬ್ರವರಿ ೧೯೯೫

ಗುಬ್ಬಿ,

ಬಹಳ ಯೋಚನೆ ಮಾಡಿ ಇದನ್ನ ಬರೀತಿದ್ದೀನಿ.

ನಮ್ಮ ಪಕ್ಕದ ಮನೆಯಲ್ಲಿ ರಿಟೈರ್ ಆದ ಮೇಷ್ಟ್ರೊಬ್ಬರಿದ್ದರು. ಮಗನ ಹತ್ತಿರ ಹೋದರು. ಹೋಗುವಾಗ ಅವರ ಗಿಳಿಯನ್ನ ನನ್ನ ಹತ್ತಿರ ಬಿಟ್ಟು ಹೋದರು. ನೀನು ನೋಡಿದ ಜಾತಿಯದೇ, ಬೂದು ಗಿಳಿ. ಹಾಗಾಗಿ ನನಗೆ ಸ್ವಲ್ಪ ಗೊತ್ತು.

ಅದು ಸರಿಯಾಗಿಲ್ಲ. ಎಂಟು ತಿಂಗಳಿಂದ ಒಂದು ಮಾತಾಡಿಲ್ಲ. ಎದೆಯ ಗರಿಯನ್ನ ತಾನೇ ಕಿತ್ತುಕೊಳ್ಳುತ್ತೆ, ಚರ್ಮ ಕಾಣುತ್ತೆ. ನಾನು ಹತ್ತಿರ ಹೋದರೆ ಕಚ್ಚುತ್ತೆ. ಹೆಂಗಸರ ಕೈಯಲ್ಲಿ ಬೆಳೆದದ್ದು, ನನ್ನ ಹತ್ತಿರ ಉಳಿಯಲ್ಲ. ನೀನು ಬೇಕು ಅನ್ನೋದಾದ್ರೆ ತಗೋ. ಮಾತಿನ ಆಸೆ ಇಟ್ಕೋಬೇಡ, ಅದು ಮರೆತಿದೆ.

ನನ್ನ ಪುಸ್ತಕದ ಬಂಡಲ್ ತರೋ ವ್ಯಾನ್ ಡ್ರೈವರ್ ಮಾರ್ಚ್ ಮೊದಲ ವಾರ ನಿನ್ನ ಕಡೆ ಬರ್ತಾನೆ. ಒಂದು ಎಚ್ಚರ. ಬಂದ ತಕ್ಷಣ ನಿನ್ನ ಸಣ್ಣ ಹಕ್ಕಿಗಳ ಹತ್ತಿರ ಇಡಬೇಡ. ಹೊಸ ಹಕ್ಕಿಯನ್ನ ಒಂದು ತಿಂಗಳು ಬೇರೆ ಕೋಣೆಯಲ್ಲಿಡಬೇಕು, ರೋಗ ಇದ್ರೆ ಅಂಟುತ್ತೆ.

ಅಣ್ಣ


೯ ಮಾರ್ಚ್ ೧೯೯೫

ಅಣ್ಣಾ,

ಬಂತು! ವ್ಯಾನ್ ಡ್ರೈವರ್ ಪಂಜರವನ್ನ ಎರಡು ಕೈ ಚಾಚಿ ದೂರ ಹಿಡ್ಕೊಂಡು ಮೆಟ್ಟಿಲು ಹತ್ತಿದ, ಬಾಂಬ್ ತಂದವನ ಹಾಗೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದ. ನಿನ್ನ ಬಗ್ಗೆ ಏನೋ ಗೊಣಗಿದ, ಬರೆಯೋ ಹಾಗಿಲ್ಲ.

ನೀನು ಹೇಳಿದ ಹಾಗೆ ಹಿಂದಿನ ಕೋಣೆಯಲ್ಲಿಟ್ಟಿದ್ದೀನಿ. ಅದರ ಎದೆ ನೋಡಿದ್ರೆ ಸಂಕಟ ಆಗುತ್ತೆ. ಹೊಲಿಗೆ ಬಿಚ್ಚಿದ ದಿಂಬಿನ ಹಾಗಾಗಿದೆ. ಮೂರು ದಿನ ಗೋಡೆ ನೋಡ್ತಾ ಕೂತಿತ್ತು. ನಾಲ್ಕನೇ ದಿನ ನನ್ನ ಕುತ್ತಿಗೆಯಲ್ಲಿದ್ದ ಅಳತೆ ಟೇಪು ಕಂಡು ಒಂದು ಹೆಜ್ಜೆ ಈ ಕಡೆ ಬಂತು. ಸರಳಿನ ಸಂದಿಯಿಂದ ಟೇಪಿನ ತುದಿ ಎಳ್ಕೊಂಡು, ಕಚ್ಚದೆ, ಸುಮ್ಮನೆ ಬಾಯಲ್ಲಿ ಹಿಡ್ಕೊಂಡು ಕಣ್ಣು ಮುಚ್ಚಿತು. ಯಾಕೋ ಗೊತ್ತಿಲ್ಲ. ಮೇಷ್ಟ್ರ ಮನೆಯಲ್ಲಿ ಟೇಪು ಎಲ್ಲಿಂದ ಬರಬೇಕು? ಅದಕ್ಕೆ ಮೇಷ್ಟ್ರು ಅಂತಲೇ ಹೆಸರಿಟ್ಟಿದ್ದೀನಿ. "ಮೇಷ್ಟ್ರೇ, ಊಟ ಆಯ್ತಾ?" ಅಂತ ಕೇಳಿದ್ರೆ ತಿರಸ್ಕಾರದಿಂದ ನೋಡುತ್ತೆ, ಥೇಟ್ ಮೇಷ್ಟ್ರೇ.

ಒಂದು ಮಾತು ಹೇಳ್ತೀನಿ ಅಣ್ಣಾ. ಅಮ್ಮ ಹೋದ ಸುದ್ದಿ ಎಂಟು ದಿನ ತಡವಾಗಿ ಕಳಿಸಿದೆಯಲ್ಲ, "ಬರಬೇಡ, ಅವಳೇ ಹೇಳಿ ಹೋಗಿದ್ದಾಳೆ" ಅಂತ, ಅವತ್ತಿನಿಂದ ನಿನ್ನ ಮೇಲೆ ಒಂದು ಸಿಟ್ಟು ಇತ್ತು. ಹೇಳಿರಲಿಲ್ಲ. ಈ ಹಕ್ಕಿ ನೋಡಿ ಅದು ಹೋಯ್ತು. ನೀನು ಸಾಯೋಕೆ ಬಿಡದೆ ನನ್ನ ಹತ್ತಿರ ಕಳಿಸಿದೆಯಲ್ಲ. ಈಗ ನಂಗೆ ತವರು ಅಂತ ಇರೋದು ನೀನೊಬ್ಬನೇ.

ನಿನ್ನ
ಗುಬ್ಬಿ


೧೮ ಮಾರ್ಚ್ ೧೯೯೫

ಗುಬ್ಬಿ,

ತಲುಪಿದ್ದು ಸಂತೋಷ. ಪಪ್ಪಾಯಿ ಕೊಡು, ಇಷ್ಟ ಅದಕ್ಕೆ. ಬೀಜ ತೆಗೀಬೇಡ.

ಹಾಗೆಲ್ಲ ದೊಡ್ಡ ಮಾತು ಬರೀಬೇಡ. ನಾನು ಅಂಥದ್ದೇನೂ ಮಾಡಿಲ್ಲ.

ಅಣ್ಣ


೧೬ ಏಪ್ರಿಲ್ ೧೯೯೫

ಅಣ್ಣಾ! ಅಣ್ಣಾ!

ಮಾತಾಡ್ತು!

ತಿಂಗಳು ಕಳೀತು ಅಂತ ನಿನ್ನೆ ಮೇಷ್ಟ್ರನ್ನ ಹೊಲಿಗೆ ಕೋಣೆಗೆ ತಂದೆ. ಲವ್ ಬರ್ಡ್ಸ್ ಮೂರೂ ಹೆದರಿ ಒಂದು ಕಡ್ಡಿ ಮೇಲೆ ಒತ್ತಿಕೊಂಡು ಕೂತವು. ನಾನು ನನ್ನ ಪಾಡಿಗೆ ಮೆಷಿನ್ ತುಳಿಯೋಕೆ ಶುರು ಮಾಡಿದೆ. ಈ ಮಹಾಶಯ ಇದ್ದಕ್ಕಿದ್ದ ಹಾಗೆ ನೆಟ್ಟಗಾಗಿ ನಿಂತ. ಕಣ್ಣಿನ ಪಾಪೆ ಸಣ್ಣ ಆಗ್ತಿದೆ, ದೊಡ್ಡ ಆಗ್ತಿದೆ. ಎಡಕ್ಕೂ ಬಲಕ್ಕೂ ತೂಗ್ತಿದ್ದಾನೆ. ಏನಾಯ್ತಪ್ಪಾ ಅಂತ ಮೆಷಿನ್ ನಿಲ್ಲಿಸಿದೆ. ಒಂದು ಗಳಿಗೆ ಬಿಟ್ಟು, ಗಂಟಲು ಕಟ್ಟಿದವರ ಹಾಗೆ, ಆದ್ರೂ ಸ್ಪಷ್ಟವಾಗಿ "ಗುಬ್ಬೀ" ಅಂದ!

ಕಳ್ಳ! ನೀನೇ ಹೇಳಿಕೊಟ್ಟಿದ್ದು ತಾನೇ? ಮಾತು ಮರೆತಿದೆ, ಕಚ್ಚುತ್ತೆ, ಆಸೆ ಇಟ್ಕೋಬೇಡ ಅಂತೆಲ್ಲ ಬರೆದು, ಒಳಗೊಳಗೇ ನನ್ನ ಹೆಸರು ಕಲಿಸಿ ಕಳಿಸಿದ್ದೀಯ! ನಿಂಗೆ ಇಂಥ ಬುದ್ಧಿ ಇದೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ. ಮೆಷಿನ್ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ನನ್ನನ್ನ ಆ ಹೆಸರಿನಿಂದ ಯಾರಾದ್ರೂ ಕರೆದು ಏಳು ವರ್ಷವಾಯ್ತು, ನಿನ್ನೊಬ್ಬನನ್ನ ಬಿಟ್ರೆ.

ನಿನ್ನ ನಿನ್ನ ನಿನ್ನ
ಗುಬ್ಬಿ


೨೨ ಏಪ್ರಿಲ್ ೧೯೯೫

ಗುಬ್ಬಿ,

ನಾನು ಏನೂ ಕಲಿಸಿಲ್ಲ. ಮೊದಲೇ ಹೇಳಬೇಕಿತ್ತು, ಮರೆತೆ. ಆ ಗಿಳಿಯ ಹೆಸರೇ ಗುಬ್ಬಿ. ಮೇಷ್ಟ್ರ ಹೆಂಡತಿ ಹಾಗೆ ಕರೀತಿದ್ದರು. ಅದು ತನ್ನ ಹೆಸರನ್ನ ತಾನು ಹೇಳಿಕೊಂಡಿದೆ ಅಷ್ಟೇ.

ಹೊಲಿಗೆ ಮೆಷಿನ್ ಇರೋ ಕೋಣೆಯಿಂದ ಅದನ್ನ ಇವತ್ತೇ ತೆಗಿ. ಮೆಷಿನ್ ಎಣ್ಣೆಯ ವಾಸನೆ ಅದಕ್ಕಾಗಲ್ಲ.

ಇನ್ನೊಂದು. ಮೇಷ್ಟ್ರ ಮಗ ಬಂದಿದ್ದ, ಗಿಳಿ ವಾಪಸ್ ಬೇಕಂತೆ. ಅವರದ್ದು, ಇಲ್ಲ ಅನ್ನೋಕೆ ಆಗಲ್ಲ. ಇಪ್ಪತ್ತೊಂಬತ್ತಕ್ಕೆ ವ್ಯಾನ್ ಬರುತ್ತೆ, ಪಂಜರ ಸಮೇತ ಕಳಿಸು. ನಿನಗೆ ಅಂಗಡಿಯಿಂದ ಬೇರೆ ಗಿಳಿ ನಾನೇ ಕೊಡಿಸ್ತೀನಿ. ಯಾವ ಬಣ್ಣದ್ದು ಬೇಕಾದ್ರೂ.

ಅಣ್ಣ


೧ ಮೇ ೧೯೯೫

ಅಣ್ಣ,

ನಿನ್ನ ವ್ಯಾನ್ ಡ್ರೈವರ್ ಬಂದಿದ್ದ. ಖಾಲಿ ಪಂಜರ ಕೊಟ್ಟು ಕಳಿಸಿದ್ದೀನಿ. ಅದರಲ್ಲಿ ಯಾರನ್ನ ಬೇಕಾದ್ರೂ ಕೂಡಿಹಾಕ್ಕೋ. ಗಿಳಿ ಇಲ್ಲೇ ಇದೆ, ಮೆಷಿನ್ ಪಕ್ಕದಲ್ಲೇ ಇದೆ.

ಗುರುವಾರ ಒಂದು ಕಾಲರ್ ಹೊಲಿದು ಮುಗಿಸಿ ಮೆಷಿನ್ ನಿಲ್ಲಿಸಿದೆ. ಕತ್ತರಿಗೆ ಕೈ ಹಾಕೋ ಮೊದಲೇ ಹಿಂದಿನಿಂದ "ಟಿಕ್" ಅಂತು. ಹಲ್ಲಲ್ಲಿ ದಾರ ಕಡಿಯೋ ಸದ್ದು. ಆಮೇಲೆ ಎಳೆ ಉಗುಳೋ "ತ್ಫು". ನಾನು ಹಲ್ಲಲ್ಲಿ ದಾರ ಕಡಿಯಲ್ಲ, ಡಾಕ್ಟರಮ್ಮ ಬೈದ ಮೇಲೆ ಬಿಟ್ಟಿದ್ದೀನಿ. ಆ "ಟಿಕ್", ಆ "ತ್ಫು" ಯಾರದ್ದು ಅಂತ ಈ ಭೂಮಿ ಮೇಲೆ ಇಬ್ಬರಿಗೆ ಗೊತ್ತು. ಆ ಸದ್ದು ಕೇಳ್ತಾ ಮೆಷಿನ್ ಕೆಳಗೆ ಆಡಿ ಬೆಳೆದವರು ನಾವು. ತಿರುಗಿ ನೋಡೋಕೂ ಧೈರ್ಯ ಬರಲಿಲ್ಲ.

ಆಮೇಲೆ ಅಮ್ಮ ಮಾತಾಡಿದ್ಲು.

"ಗುಬ್ಬಿ ಕಾಗದ ಬಂತೇನೋ?"

ನಾನು ಉಸಿರು ಬಿಡೋದ್ರೊಳಗೆ ನೀನು ಉತ್ತರ ಕೊಟ್ಟೆ. ನೀನೇ. ಆ ಮೂಗಿನ ದನಿ, ಮಾತಿನ ಕೊನೇಲಿ ಒಂದು ಸಣ್ಣ ನಿಟ್ಟುಸಿರು ಸಮೇತ.

"ಇಲ್ಲಮ್ಮ, ಬಂದಿಲ್ಲ."

ಗಿಳಿ ಹೆಸರು ಗುಬ್ಬಿ ಅಂದೆಯಲ್ಲ, ಹೇಳು, ಗಿಳಿಗೆ ಯಾರು ಕಾಗದ ಬರೀತಾರೆ? ಇಲ್ಲ ಗಿಳಿಯೇ ಊರೂರಿಗೆ ಕಾಗದ ಹಾಕ್ತಿತ್ತಾ? ಯಾವ ಮೇಷ್ಟ್ರು? ಯಾವ ಮೇಷ್ಟ್ರ ಹೆಂಡತಿ? ಎಂಟು ತಿಂಗಳಿಂದ ಮಾತಾಡಿಲ್ಲ ಅಂತ ಬರೆದಿದ್ದೆ ನೀನು. ಅಮ್ಮ ಹೋಗಿ ಆಗ ಸರಿಯಾಗಿ ಎಂಟು ತಿಂಗಳು. ಅವಳ ಮೆಷಿನ್ ನಿಂತ ದಿನ ಅದರ ಬಾಯಿ ನಿಂತಿದೆ, ನನ್ನ ಮೆಷಿನ್ ಸದ್ದಿಗೆ ತೆರೆದಿದೆ. ಊರಿನ ಪುಸ್ತಕಕ್ಕೆಲ್ಲ ರಟ್ಟು ಹಾಕ್ತೀಯ, ನಿನ್ನ ಗುಟ್ಟು ಒಂದು ಹಕ್ಕಿ ಬಾಯಲ್ಲಿ ರಟ್ಟಾಯ್ತು ನೋಡು.

ಏಳು ವರ್ಷ! ಅವಳಿಗೆ ಕಾಲು ನೋವು ಅಂತ ನೀನು ಬರೆದಾಗ ಎಣ್ಣೆ ಹೆಸರು ಬರೆದು ಕಳಿಸಿದೆ. ಮೊದಲ ಸಲ ಕೋಟು ಹೊಲಿದಾಗ, ಭುಜ ಕೂರಿಸೋದು ನೀನು ಕಲಿಸಿದ ಹಾಗೇ ಮಾಡಿದೆ ಕಣಮ್ಮ ಅಂತ ಬರೆದೆ. ತಪ್ಪಾಯ್ತು ಅಂತ ಬರೆದೆ, ತಪ್ಪು ಯಾರದ್ದು ಅಂತ ಗೊತ್ತಿಲ್ಲದೆ ಎಷ್ಟು ಸಲ ಬರೆದೆ! ಅವಳು ದಿನಾ ಕೇಳ್ತಿದ್ಲು. ದಿನಾ ಕೇಳದೆ ಗಿಳಿಗೆ ಬಾಯಿಪಾಠ ಆಗುತ್ತಾ? ನೀನೂ ದಿನಾ ಹೇಳಿದ್ದೀಯ. ಒಂದು ದಿನ ಬಾಯಿ ತಪ್ಪಿ ಆಡಿದ ಸುಳ್ಳಾಗಿದ್ರೆ ಹಕ್ಕಿಗೆ ನೆನಪಿರ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದೆ, ನೆನಪಿದೆಯಾ? ಮನೆಗೆ ಬರೋಕೆ ಹೆದರಿ ನಿನ್ನ ಅಂಗಡಿಗೆ ಹೇಳಿ ಕಳಿಸಿದೆ. ನೀನು ಓಡಿ ಬಂದೆ. "ನಿನ್ನ ಕಂಡ್ರೆ ಅವಳ ಬಿ.ಪಿ. ಏರುತ್ತೆ ಗುಬ್ಬಿ, ಅವಳ ಜೀವದ ಮೇಲೆ ಆಸೆ ಇದ್ರೆ ಹೋಗು" ಅಂದೆ. ಟೀ ಕುಡಿಸಿದೆ. ದಾರಿಗೆ ಅಂತ ಬಿಸ್ಕತ್ ಪೊಟ್ಟಣ ಕೈಲಿಟ್ಟು ಬಸ್ ಹತ್ತಿಸಿದೆ. ಕಿಟಕಿಯಿಂದ ನಾನು ನಿಂಗೆ ಥ್ಯಾಂಕ್ಸ್ ಹೇಳಿದೆ ಅಣ್ಣ. ಹತ್ತು ನಿಮಿಷ ನಡೆದಿದ್ರೆ ಅವಳ ಬಾಗಿಲು.

ಇಷ್ಟಕ್ಕೇ ಮುಗೀತು ಅಂದ್ಕೊಂಡಿದ್ದೆ. ನಿನ್ನೆ ಇನ್ನೊಂದು ಮಾತು ಬಂತು. ಮೊದಲು ನಿನ್ನ ದನಿ, "ಏನ್ ಬೇಕಮ್ಮ?" ಅಂತ. ಆಮೇಲೆ ಅವಳದ್ದು.

"ಏನೂ ಬೇಡ ಕಣೋ. ನಂಗೆ ಗುಬ್ಬಿ ಸಾಕು."

ಒಂದು ಸಲ ಅಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ. ನಂಗೆ ಗುಬ್ಬಿ ಸಾಕು. ನಂಗೆ ಗುಬ್ಬಿ ಸಾಕು.

ಗುಬ್ಬಿ ಒಬ್ಬಳಿದ್ರೆ ಸಾಕು ಅಂದದ್ದನ್ನ ಗುಬ್ಬಿ ಸಹವಾಸವೇ ಸಾಕು ಅಂತ ನಂಗೆ ತಲುಪಿಸಿದೆ. ಸುಳ್ಳು ಕೂಡ ಹೇಳಲಿಲ್ಲ ನೀನು, ಎಂಥ ಜಾಣ. "ನಂಗೆ" ಅನ್ನೋ ಎರಡಕ್ಷರ ನುಂಗಿದೆ, ಅಷ್ಟೇ. ನನ್ನ ತಾಯಿ ನನ್ನನ್ನ ಶಪಿಸಿ ಹೋದ್ಲು ಅಂತ ಹನ್ನೊಂದು ತಿಂಗಳು ಬದುಕಿದ್ದೀನಿ. ಮಗಳು ಒಂದು ಸಾಲು ಬರೀಲಿಲ್ಲ ಅಂತ ಅವಳು ಸತ್ತಿದ್ದಾಳೆ.

ನನ್ನ ಕಾಗದಗಳೆಲ್ಲಿ? ಸುಟ್ಟೆಯಾ? ಸುಟ್ಟಿದ್ರೆ ಸುಟ್ಟೆ ಅಂತ ಬರಿ. ಅದನ್ನಾದ್ರೂ ಪೂರ್ತಿ ಬರಿ.

ಗುಬ್ಬಿ


೨೦ ಮೇ ೧೯೯೫

ಗುಬ್ಬಿ,

ಮೇಷ್ಟ್ರು ಅಂತ ಯಾರೂ ಇರಲಿಲ್ಲ. ಗಿಳಿ ಅಮ್ಮಂದು. ಅವಳ ಹತ್ತಿರ ಬಟ್ಟೆ ಹೊಲಿಸ್ತಿದ್ದ ನರ್ಸ್ ಒಬ್ಬಳು ಬೇರೆ ದೇಶಕ್ಕೆ ಹೋಗುವಾಗ ಕೊಟ್ಟು ಹೋದಳು, ಆರು ವರ್ಷದ ಹಿಂದೆ. ನಿನಗೆ ಬರೀಲಿಲ್ಲ. ಅದರ ಜೊತೆ ಅಮ್ಮ ನಗ್ತಾ ಇದ್ದಾಳೆ ಅಂತ ನಿನಗೆ ಗೊತ್ತಾಗೋದು ನನಗೆ ಬೇಕಿರಲಿಲ್ಲ.

ನಿನ್ನ ಮೊದಲನೇ ಕಾಗದ ಬಂದಾಗ ಅವಳು ನಿಜವಾಗಿಯೂ ಕೋಪದಲ್ಲಿದ್ಲು. ಆರಲಿ ಅಂತ ಡ್ರಾಯರ್‌ನಲ್ಲಿಟ್ಟೆ. ಎರಡನೇದು ಬಂತು. ಮೊದಲನೇದು ಯಾಕೆ ಕೊಡಲಿಲ್ಲ ಅಂತ ಕೇಳ್ತಾಳಲ್ಲ ಅಂತ ಅದನ್ನೂ ಇಟ್ಟೆ. ಹತ್ತನೇದರ ಹೊತ್ತಿಗೆ ಅವಳೇ ಕೇಳೋಕೆ ಶುರು ಮಾಡಿದ್ಲು. ಆಗ ಒಂದನ್ನ ಕೊಟ್ಟರೆ ಹತ್ತಕ್ಕೂ ಉತ್ತರ ಹೇಳಬೇಕಿತ್ತು.

ಇದು ಪೂರ್ತಿ ನಿಜ ಅಲ್ಲ. ಪೂರ್ತಿ ಬರಿ ಅಂದಿದ್ದೀಯ. ಅವಳ ಕಾಲಿಗೆ ಎಣ್ಣೆ ತಿಕ್ಕಿದ್ದು ನಾನು. ಮಾತ್ರೆ ಕೊಟ್ಟದ್ದು, ಹಾಸಿಗೆ ಬದಲಿಸಿದ್ದು, ಕೊನೇ ವರ್ಷ ದಿನಾ ಎತ್ತಿ ಮೆಷಿನ್ ಮುಂದೆ ಕೂರಿಸಿದ್ದು ನಾನು. ಅವಳಿಗೆ ಯಾರಿದ್ದಾರೆ ಅಂತ ಮದುವೆ ಆಗದೆ ಉಳಿದವನು ನಾನು. ಏನು ಬೇಕಮ್ಮ ಅಂದರೆ ಗುಬ್ಬಿ. ಬೆಳಿಗ್ಗೆ ಗುಬ್ಬಿ, ಸಂಜೆ ಗುಬ್ಬಿ. ಬಿಟ್ಟು ಹೋದವಳ ಹೆಸರು. "ನೀನಿದ್ದೀಯಲ್ಲೋ" ಅಂತ ಒಂದು ದಿನ ಅನ್ನಲಿಲ್ಲ ಅವಳು. ಆ ಗಿಳಿಗೆ ಕೂಡ ನಾನು ಬೇಡ. ಅದರ ಬಾಯಲ್ಲಿ ನನ್ನ ಹೆಸರಿಲ್ಲ, ಇರೋದು ನಾನು ಹೇಳಿದ ಸುಳ್ಳು ಮಾತ್ರ. ನೀನು ಬಂದರೆ ಅವಳು ನಿನ್ನ ಜೊತೆ ಹೊರಟುಬಿಡ್ತಾಳೆ ಅಂತ ಹೆದರಿದೆ.

ಅದು ಗರಿ ಕಿತ್ತುಕೊಂಡು ರಕ್ತ ಬರಿಸಿಕೊಳ್ಳೋದನ್ನ ನೋಡೋಕಾಗದೆ ನಿನಗೆ ಕಳಿಸಿದೆ. ಮಾತು ಮರೆತಿದೆ ಅಂತಲೇ ತಿಳಿದಿದ್ದೆ. ಮೆಷಿನ್ ಸದ್ದಿನ ವಿಷಯ ನಿನ್ನ ಕಾಗದ ಓದಿದಾಗ ಹೊಳೀತು.

ಕಾಗದಗಳು ಸುಟ್ಟಿಲ್ಲ. ಕಾಗದ ಹರಿಯೋದು, ಸುಡೋದು ನನ್ನ ಕೈಗೆ ಬರಲ್ಲ. ಎಲ್ಲವೂ ಇದರ ಜೊತೆ ಪಾರ್ಸೆಲ್‌ನಲ್ಲಿವೆ. ಹಾಳಾಗದ ಹಾಗೆ ರಟ್ಟಿನ ಪೆಟ್ಟಿಗೆ ಮಾಡಿ, ಬಟ್ಟೆ ಅಂಟಿಸಿ, ತಾರೀಖಿನ ಪ್ರಕಾರ ಜೋಡಿಸಿದ್ದೀನಿ. ಯಾವುದನ್ನೂ ಒಡೆದಿಲ್ಲ.

ಕ್ಷಮಿಸು ಅಂತ ಬರೆಯೋಕೆ ಮುಖ ಇಲ್ಲ. ಆದರೂ ಬರೀತೀನಿ. ಕ್ಷಮಿಸು.

ಅಣ್ಣ


೧೧ ಜೂನ್ ೧೯೯೫

ಅಣ್ಣ,

ಪೆಟ್ಟಿಗೆ ತಲುಪಿತು. ಕೆಲಸ ಅಚ್ಚುಕಟ್ಟಾಗಿದೆ, ಅದರಲ್ಲಿ ನಿನ್ನನ್ನ ಬಿಟ್ರೆ ಇಲ್ಲ. ಒಂದೊಂದು ಲಕೋಟೆಯ ಅಂಟೂ ನಾನು ಅಂಟಿಸಿದ ಹಾಗೇ ಇದೆ. "ಓದಿ ಹೇಳಿದೆ, ಗೋಡೆ ಕಡೆ ತಿರುಗಿಕೊಂಡ್ಲು" ಅಂತ ಬರೀತಿದ್ದೆಯಲ್ಲ ನೀನು. ಆ ಗೋಡೆಗೆ ನಾನು ಏಳು ವರ್ಷ ತಲೆ ಚಚ್ಚಿಕೊಂಡೆ.

ನೀನು ಪಟ್ಟ ಕಷ್ಟ ನಂಗೆ ಅರ್ಥ ಆಗಲ್ಲ ಅಂದ್ಕೋಬೇಡ. ಅವಳನ್ನ ಎತ್ತಿ ಕೂರಿಸಿದ ಕೈ ನಿಂದು, ಅದನ್ನ ಯಾರೂ ಕಿತ್ಕೊಳ್ಳೋಕೆ ಆಗಲ್ಲ. ಒಂದು ಸಲ "ಬಾ ಗುಬ್ಬಿ, ನನ್ನ ಕೈಲಾಗ್ತಿಲ್ಲ" ಅಂತ ಬರೆದಿದ್ರೆ ಓಡಿ ಬರ್ತಿದ್ದೆ, ಇಬ್ಬರೂ ಸೇರಿ ಎತ್ತಿ ಕೂರಿಸ್ತಿದ್ವಿ. ನೀನಿದ್ದೀಯಲ್ಲೋ ಅಂತ ನಾನಾದ್ರೂ ಅಂತಿದ್ದೆ.

ಲವ್ ಬರ್ಡ್ಸ್ ಮೂರನ್ನೂ ಡಾಕ್ಟರಮ್ಮ ತಗೊಂಡ್ರು, ರೋಗಿಗಳು ಕಾಯೋ ಕೋಣೆಯಲ್ಲಿಟ್ಟಿದ್ದಾರೆ. ಗಿಳಿ ಎದೆಯಲ್ಲಿ ಬೂದು ಬಣ್ಣದ ಸಣ್ಣ ಗರಿ ಹುಟ್ಟಿದೆ. ನನ್ನ ಭುಜದ ಮೇಲೆ ಕೂತು ಟೇಪು ಕಚ್ಚಿಕೊಂಡಿರುತ್ತೆ. ಈಗ ಅದಕ್ಕೆ ಹೆಸರಿಲ್ಲ. ಅಮ್ಮ ಏನಂತ ಕರೀತಿದ್ಲು ಅಂತ ನಿನ್ನನ್ನ ಕೇಳಬಹುದಿತ್ತು, ಕೇಳಲ್ಲ. ನೀನು ಹೇಳಿದ್ರೂ ನಂಬೋದು ಹೇಗೆ?

ದಿನಾ ಬೆಳಿಗ್ಗೆ ಮೆಷಿನ್ ತುಳಿದು ನಿಲ್ಲಿಸ್ತೀನಿ. ಟಿಕ್ ಅನ್ನುತ್ತೆ. ಗುಬ್ಬಿ ಕಾಗದ ಬಂತೇನೋ ಅಂತ ಅಮ್ಮ ಕೇಳ್ತಾಳೆ. ನೀನು ಬಾಯಿ ಹಾಕೋ ಮೊದಲೇ "ಬಂತಮ್ಮ" ಅಂತೀನಿ. ಪೆಟ್ಟಿಗೆಯಿಂದ ಒಂದು ಕಾಗದ ತೆಗೆದು, ಒಡೆದು, ಗಟ್ಟಿಯಾಗಿ ಓದ್ತೀನಿ. ದಿನಕ್ಕೆ ಒಂದೇ. ನಿನ್ನೆ ಓದಿದ್ದು ಮೊದಲ ವರ್ಷದ್ದು. ಈ ಊರಲ್ಲಿ ಎರಡು ಲವ್ ಬರ್ಡ್ಸ್ ತಂದೆ ಕಣಮ್ಮ, ಮನೆಯಲ್ಲಿ ಏನಾದ್ರೂ ಸದ್ದಿರಲಿ ಅಂತ, ಅಂತ ಬರೆದಿದ್ದೆ.

ಎಷ್ಟು ದಿನ ಹೇಳಿದ್ರೆ ಅದು "ಬಂತಮ್ಮ" ಕಲಿಯುತ್ತೋ ಗೊತ್ತಿಲ್ಲ. ಕಲಿತ್ರೂ ನಿನ್ನ ಮಾತು ಹೋಗಲ್ಲವಂತೆ, ಹಕ್ಕಿ ಅಂಗಡಿಯವನನ್ನ ಕೇಳಿದೆ. ನಲವತ್ತು ವರ್ಷ ಬದುಕುತ್ತೆ ಅಂತ ಹೆದರಿಸಿದ್ದೆಯಲ್ಲ, ಅಷ್ಟು ವರ್ಷವೂ ನಿನ್ನ ಸುಳ್ಳಿಗೆ ಕಾಳು ಹಾಕಿ, ನೀರಿಟ್ಟು, ಪಪ್ಪಾಯಿ ಹೆಚ್ಚಿಕೊಟ್ಟು ಸಾಕಬೇಕು ನಾನು. ಸಾಕ್ತೀನಿ. ಅದರ ಜೊತೆ ಅವಳ ದನಿಯೂ ಇದೆ.

ಇನ್ನು ನಾನು ನಿಂಗೆ ಬರೆಯಲ್ಲ. ಬೆರಳು ಜೋಪಾನ.

ಅಮ್ಮನ
ಗುಬ್ಬಿ


೩ ಅಕ್ಟೋಬರ್ ೧೯೯೫

ಗುಬ್ಬಿ,

ಜೂನ್ ಆದ ಮೇಲೆ ಇದು ನಾಲ್ಕನೇ ಕಾಗದ. ಹಿಂದಿನವು ತಲುಪಿರಬೇಕು.

ನೀನು ಹೇಳಿದ ಹಾಗೆ ಅಂಗಡಿಗೆ ಒಬ್ಬ ಆಳನ್ನ ಇಟ್ಟುಕೊಂಡೆ. ನನಗಿಂತ ಹಿರಿಯ, ಮಾತು ಜಾಸ್ತಿ. ಅಮ್ಮನ ಮೆಷಿನ್ನಿಗೆ ಎಣ್ಣೆ ಬಿಟ್ಟು ಒರೆಸಿಟ್ಟಿದ್ದೀನಿ, ಬೇಕು ಅಂದರೆ ವ್ಯಾನಲ್ಲಿ ಹಾಕಿ ಕಳಿಸ್ತೀನಿ. ಒಂದು ದಿನ ಸುಮ್ಮನೆ ಕೂತು ತುಳಿದೆ. ನಿಲ್ಲಿಸಿದ ಮೇಲೆ ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ.

ಅಮ್ಮ ಅದನ್ನ ಏನಂತ ಕರೀತಿದ್ಲು ಅಂತ ಹೋದ ಮೂರು ಕಾಗದದಲ್ಲೂ ಬರೆದಿದ್ದೀನಿ. ನೀನು ಒಡೆದಿದ್ದರೆ ಗೊತ್ತಿರುತ್ತೆ.

ಪೋಸ್ಟ್‌ಮ್ಯಾನ್ ಹನ್ನೊಂದು ಗಂಟೆಗೆ ಬರ್ತಾನೆ. ಕೈಯಲ್ಲಿದ್ದ ಅಂಟು ಒರೆಸಿಕೊಂಡು ದಿನಾ ಬಾಗಿಲಿಗೆ ಬಂದು ಕೇಳ್ತೀನಿ, ಗುಬ್ಬಿ ಕಾಗದ ಬಂತೇನೋ ಅಂತ. ಅವನು ಈಗೀಗ ಚೀಲದೊಳಗೆ ಕೈ ಹಾಕಿ ನೋಡೋದೂ ಇಲ್ಲ.

"ಇಲ್ಲಣ್ಣ, ಬಂದಿಲ್ಲ" ಅಂತಾನೆ.

ಅಣ್ಣ